ಕಬಡ್ಡಿಯಲ್ಲೊಂದು ನಮಸ್ಕಾರ

ಮೊನ್ನೆ ತವರಿನ ನಾಮಕರಣಕ್ಕೆ ಹೊರಟಾಗ, ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಕಾಲು ಪಕ್ಕದಲ್ಲಿ ಕೂತಿದ್ದ ಹುಡುಗಿಯ ಕಾಲಿಗೆ ತಾಗಿತು. ಬಸ್ಸು ತಿರುವಿನಲ್ಲಿ ವಾಲಿದ್ದಕ್ಕೆ ತಾಗಿದ್ದು, ನನ್ನದೇನೂ ತಪ್ಪಿರಲಿಲ್ಲ. ಆದರೂ ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಕೆಳಗೆ ಹೋಗಿ, ಅವಳ ಮೊಣಕಾಲು ಮುಟ್ಟಿ ಬಂದು ನನ್ನ ಕಣ್ಣಿಗೆ ಒತ್ತಿಕೊಂಡಿತು. ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದ ಹುಡುಗಿ ಗಾಬರಿಯಾಗಿ ವೈರು ಕಿತ್ತಳು.

"ಅಯ್ಯೋ ಆಂಟಿ, ನೀವು ದೊಡ್ಡೋರು, ನಂಗ್ಯಾಕೆ ನಮಸ್ಕಾರ ಮಾಡ್ತೀರಿ?"

"ನಿಂಗಲ್ಲ ಮಗಾ, ನಿನ್ನೊಳಗೆ ಕೂತಿದ್ದಾನಲ್ಲ, ಅವ್ನಿಗೆ" ಎಂದೆ. ಇದು ನನ್ನ ಮಾತಲ್ಲ, ನನ್ನ ಅಜ್ಜಿಯದು. ಹುಡುಗಿ ನಕ್ಕು ಮತ್ತೆ ವೈರು ಸಿಕ್ಕಿಸಿಕೊಂಡಳು. ನಾನು ಮಾತ್ರ ಸಿದ್ದಾಪುರ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದೆ. ಯಾಕೆ ನಕ್ಕೆ ಎಂದು ನಿಮಗಾದರೂ ಹೇಳಬೇಕು.

ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ನಿಮಗೂ ಇದ್ದೀತು. ನಮ್ಮ ಕಡೆ ಹೆಚ್ಚಿನವರಿಗೆ ಉಂಟು. ಆದರೆ ಕಬಡ್ಡಿ ಅಂಕಣದ ನಡುವೆ, ಎದುರಾಳಿಗಳು ಹಿಡಿಯಲು ಕೈಚಾಚಿ ನಿಂತಿರುವಾಗ, ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ಬಗ್ಗಿ ನಮಸ್ಕಾರ ಮಾಡಿದವಳು ಈ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಾನು ಕಬಡ್ಡಿ ಆಡಿದವಳು ಎಂದರೆ ಈಗ ಯಾರೂ ನಂಬುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಯಜಮಾನರಿಗೆ ಹೇಳಿದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ರೇಕ್ಷಕರ ಕಡೆಯಿಂದನಾ?" ಎಂದು ಕೇಳಿದ್ದರು.

ನನ್ನ ತವರು ಕೋಲಸಿರ್ಸಿ. ಭತ್ತದ ಗದ್ದೆಯವರು ನಾವು. ಅಲ್ಲಿಂದ ದಿನವೂ ಸಿದ್ದಾಪುರದ ಹೈಸ್ಕೂಲಿಗೆ ಹೋಗಿ ಬರುತ್ತಿದ್ದೆ. ಓದಿನಲ್ಲಿ ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಲೆಕ್ಕದ ಮಾಸ್ತರು ನನ್ನ ಉತ್ತರ ಕೇಳುವಾಗ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪ್ರಾರ್ಥನೆಯ ಹಾಡಿಗೆ ಸೇರಿಸಿಕೊಂಡ ಅಕ್ಕೋರು ಎರಡನೇ ದಿನವೇ, "ನೀನು ಸುಮ್ನೆ ಬಾಯಿ ಆಡಿಸು, ಸಾಕು" ಎಂದಿದ್ದರು. ನನ್ನ ಹತ್ತಿರ ಇದ್ದದ್ದು ಉಸಿರು ಒಂದೇ. ಅದನ್ನು ಕೊಟ್ಟದ್ದು ನಮ್ಮ ಮನೆಯ ಒಲೆ. ಹಸಿ ಕಟ್ಟಿಗೆಯ ಒಲೆಯನ್ನು ಬೆಳಿಗ್ಗೆ ಬೆಳಿಗ್ಗೆ ಊದುಗೊಳವೆಯಲ್ಲಿ ಊದಿ ಊದಿ, ನನ್ನ ಎದೆಯೊಳಗೆ ಗಾಳಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿತ್ತು. ಕಣ್ಣಲ್ಲಿ ನೀರು ಬರಿಸಿದ ಆ ಹೊಗೆಯನ್ನು ಆಗ ಬೈದುಕೊಂಡಿದ್ದೆ. ದೇವರು ಯಾವುದನ್ನು ಯಾವುದಕ್ಕೆ ಕೊಡುತ್ತಾನೆ ಎಂದು ಕೊಡುವಾಗ ಹೇಳುವುದಿಲ್ಲ ನೋಡಿ.

ನನ್ನ ಈ ಉಸಿರನ್ನು ಕಂಡುಹಿಡಿದವರು ನಮ್ಮ ಡ್ರಿಲ್ ಮಾಸ್ತರು. ಬನವಾಸಿಯಿಂದಲೂ ಆಚೆಯ ಊರಿನವರು, ಮಾತು ಬಯಲುಸೀಮೆಯದು. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರ ಹೆಸರಿನಿಂದಲೇ ಕರೆಯುವುದು. ಒಂದು ದಿನ ಸುಮ್ಮನೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಉಸಿರಿಗೆ ಕಬಡ್ಡಿ ಹೇಳಿಸಿದರು. ಒಬ್ಬೊಬ್ಬರೇ ನಿಲ್ಲಿಸುತ್ತಾ ಬಂದರು. ಕೊನೆಗೆ ಮೈದಾನದಲ್ಲಿ ನನ್ನದೊಂದೇ ಧ್ವನಿ. ಹಾಡಿಗೆ ಬೇಡವಾಗಿದ್ದ ಧ್ವನಿ ಅದು!

"ಸಾಕವಾ ಕೋಲಸಿರ್ಸಿ, ಸಾಕು. ನಾಳಿಂದ ಆಟಕ್ಕ ಬಾ" ಎಂದರು ಮಾಸ್ತರು.

ಅದಕ್ಕೂ ಮೊದಲು ಯಾರೂ ನನ್ನನ್ನು ಯಾವುದಕ್ಕೂ "ಬಾ" ಎಂದಿರಲಿಲ್ಲ. ಏಳು ಜನರ ತಂಡದಲ್ಲಿ ನಾನೂ ಒಬ್ಬಳು ಎಂದರೆ ಆ ವಯಸ್ಸಿನಲ್ಲಿ ಅದೇನು ಸಣ್ಣ ಮಾತೇ? ಅಣ್ಣನ ಹಳೆಯ ಪೈಜಾಮ, ಮೇಲೊಂದು ಬಿಳಿ ಅಂಗಿ, ಅದೇ ನಮ್ಮ ಸಮವಸ್ತ್ರ. ಅಂಕಣಕ್ಕೆ ಮಿಲ್ಲಿನಿಂದ ಮರದ ಹೊಟ್ಟು ತಂದು ಹರವುತ್ತಿದ್ದೆವು. ಆಡಿ ಮನೆಗೆ ಹೋಗುವಾಗ ತಲೆಕೂದಲಿನಲ್ಲಿ ಅರ್ಧ ಅಂಕಣ ನಮ್ಮ ಜೊತೆಗೇ ಬರುತ್ತಿತ್ತು.

ಇನ್ನು ಅಜ್ಜಿಯ ವಿಷಯ. ನನ್ನನ್ನು ಬೆಳೆಸಿದವಳು ಅವಳೇ. ಮನೆಯಲ್ಲಿ ಕಾಲು ತಾಗಬಾರದ ವಸ್ತು ಯಾವುದು ಎಂದು ಕೇಳಿದರೆ, ತಾಗಬಹುದಾದದ್ದು ಯಾವುದು ಎಂದು ಹೇಳುವುದೇ ಸುಲಭ. ಪುಸ್ತಕ ಸರಿ, ದೇವರ ಹೂವಿನ ಬುಟ್ಟಿ ಸರಿ. ಅಕ್ಕಿ ಕೇರುವ ಗೆರಸೆ, ಪೊರಕೆ, ಭತ್ತ ಅಳೆಯುವ ಸಿದ್ದೆ, ದನದ ಹಗ್ಗ, ಕೆಳಗೆ ಬಿದ್ದ ಒಂದು ಕಾಳು ಅಕ್ಕಿ, ಎಲ್ಲಕ್ಕೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮರೆತರೆ ಅವಳು ಬಯ್ಯುತ್ತಿರಲಿಲ್ಲ. ತಾನೇ ಬಗ್ಗಿ ನನ್ನ ಪರವಾಗಿ ಮಾಡುತ್ತಿದ್ದಳು. ಸೊಂಟ ಹಿಡಿದುಕೊಂಡು ಅವಳು ಬಗ್ಗುವುದನ್ನು ನೋಡುವುದಕ್ಕಿಂತ ಬೈಗುಳವೇ ಎಷ್ಟೋ ಮೇಲಿತ್ತು. ಹೀಗಾಗಿ ನನ್ನ ಕೈಗೆ ಅದು ಉಸಿರಾಟದ ಹಾಗೆ ಆಗಿಹೋಗಿತ್ತು. ತಲೆ ಯೋಚಿಸುವ ಮುಂಚೆ ಕೈ ಹೋಗಿ ಬಂದಿರುತ್ತಿತ್ತು.

ಅಭ್ಯಾಸದ ಆಟದಲ್ಲಿ ನಾನು ಹೆಚ್ಚಾಗಿ ಕೈಯಲ್ಲೇ ಮುಟ್ಟಿ ಬರುತ್ತಿದ್ದೆ, ಹಾಗಾಗಿ ಯಾರಿಗೂ ಇದು ಗೊತ್ತಾಗಲಿಲ್ಲ. ತಾಲೂಕಿನ ಪಂದ್ಯಕ್ಕೆ ಎರಡು ವಾರ ಇರುವಾಗ ಮಾಸ್ತರು ಕಾಲು ಚಾಚಿ ಹೆಬ್ಬೆರಳ ತುದಿಯಿಂದ ಮುಟ್ಟಿ ಓಡುವುದನ್ನು ಕಲಿಸಿದರು. ಗಾಳಿಗೆ ಕಾಲು ಚಾಚಿ ಚಾಚಿ ಕಲಿತೆ. ಚೆನ್ನಾಗಿಯೇ ಬಂತು. ಗಾಳಿಗೆ ನಮಸ್ಕಾರ ಮಾಡುವ ಅಗತ್ಯ ಇರಲಿಲ್ಲವಲ್ಲ.

ತಾಲೂಕಿನ ಪಂದ್ಯದ ದಿನ ನನ್ನ ಮೊದಲ ದಾಳಿ. ಹೋದೆ, ಬಾಗಿದೆ, ಮೂಲೆಯಲ್ಲಿದ್ದ ಹುಡುಗಿಯ ಪಾದಕ್ಕೆ ನನ್ನ ಹೆಬ್ಬೆರಳನ್ನು ಸರಿಯಾಗಿ ತಾಗಿಸಿದೆ. ಈಗ ತಿರುಗಿ ಗೆರೆ ದಾಟಿದರೆ ಅವಳು ಔಟು. ನಾನು ತಿರುಗಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ಅವಳ ಮೊಣಕಾಲು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಕಬಡ್ಡಿ ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ! ಆ ಹುಡುಗಿಯರು ಒಂದು ಕ್ಷಣ ತಬ್ಬಿಬ್ಬಾಗಿ ನಿಂತರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಪೀಪಿ ಊದಬೇಕಾದ ಪಂಚರು ಪೀಪಿ ಬಾಯಲ್ಲಿಟ್ಟುಕೊಂಡೇ ನಕ್ಕದ್ದಕ್ಕೆ ಅದು ಹಕ್ಕಿಯ ಹಾಗೆ ಕುಯ್ಗುಟ್ಟಿತು.

"ಏನವಾ ನೀ! ಕಬಡ್ಡಿ ಆಡಾಕ ಬಂದೀಯೋ, ಪೂಜಿ ಮಾಡಾಕ ಬಂದೀಯೋ?" ಮಾಸ್ತರು ಗೆರೆಯ ಹೊರಗೆ ತಲೆ ಹಿಡಿದು ಕೂತರು.

ಅದೇ ದಿನ ಎರಡನೇ ಆಟದಲ್ಲಿ ಮತ್ತೆ ಅದೇ ಕಥೆ. ನಮ್ಮ ನಾಯಕಿ ಸಾವಿತ್ರಿ ಗಟ್ಟಿಗಿತ್ತಿ. ಹಿಡಿದರೆ ಬಿಡುವವಳಲ್ಲ. ಅವಳಿಂದಾಗಿ ಹೇಗೋ ತಾಲೂಕಿನಲ್ಲಿ ಗೆದ್ದೆವು. ಮುಂದಿನದು ಯಲ್ಲಾಪುರದಲ್ಲಿ, ಸುತ್ತಿನ ತಾಲೂಕುಗಳಲ್ಲಿ ಗೆದ್ದು ಬಂದವರ ಜೊತೆ. ನಮ್ಮ ಶಾಲೆಯ ಹುಡುಗಿಯರು ಅಲ್ಲಿಯವರೆಗೆ ಹೋದದ್ದೇ ಇರಲಿಲ್ಲ. ಮಾಸ್ತರು ನನ್ನನ್ನು ಕರೆದು ಮೆತ್ತಗೆ ಹೇಳಿದರು. ಜೋರಾಗಿ ಹೇಳಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ನೋಡವಾ ಕೋಲಸಿರ್ಸಿ, ನಿನ್ನಷ್ಟು ಉಸಿರು ಯಾರಿಗೂ ಇಲ್ಲ. ಆದ್ರ ಯಲ್ಲಾಪುರದಾಗ ಇನ್ನೊಮ್ಮೆ ಬಗ್ಗಿದಿ ಅಂದ್ರ ನಾ ನಿನ್ನ ಹೊರಗ ಕುಂದ್ರಸ್ತೀನಿ. ಆಮೇಲೆ ಅಳಬ್ಯಾಡ."

ಅಲ್ಲಿಂದ ಶುರುವಾಯಿತು ನನ್ನ ಕೈಗೆ ಶಿಕ್ಷೆ. ಸಾವಿತ್ರಿ ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಅವಳದು ಅಡಿಕೆ ತೋಟದ ಮನೆಯ ಹವ್ಯಕರ ಮಾತು. "ಎಂತ ಕೂಸೇ ನೀನು! ಬಗ್ಗು ನೋಡನ, ಹೆಂಗೆ ಬಗ್ತೆ ಆನೂ ನೋಡ್ತೆ" ಎನ್ನುತ್ತಿದ್ದಳು. ತಂಡದವರೆಲ್ಲ ಸಾಲಾಗಿ ಬಂದು ನನ್ನ ಕಾಲಿಗೆ ಕಾಲು ತಾಗಿಸಿ ಓಡುವುದು, ನಾನು ಅವರ ಕಾಲಿಗೆ ತಾಗಿಸಿ ಗೆರೆಗೆ ಓಡುವುದು. ಪ್ರತಿ ಸಲವೂ ಬೆನ್ನ ಹಿಂದೆ ಕೈ ಜಗ್ಗುತ್ತಿತ್ತು, ಕಟ್ಟಿ ಹಾಕಿದ ಕರು ತಾಯಿಯನ್ನು ಕಂಡು ಜಗ್ಗಿದ ಹಾಗೆ. ರಿಬ್ಬನ್ ಬಿಚ್ಚಿದ ಮೇಲೆ ಒಬ್ಬೊಬ್ಬರ ಹತ್ತಿರ ಗುಟ್ಟಾಗಿ ಹೋಗಿ ಬಾಕಿ ತೀರಿಸಿಕೊಳ್ಳುತ್ತಿದ್ದೆ. ಸಾವಿತ್ರಿ ಅದನ್ನೂ ಪತ್ತೆ ಮಾಡಿ ಬಿಡಿಸಿದಳು.

ದಿನಗಳು ಹೋದ ಹಾಗೆ ಕೈ ಸುಮ್ಮನಾಯಿತು. ಅಂಕಣದಲ್ಲಿ ಎಲ್ಲರಿಗೂ ಸಂತೋಷ. ನನಗೆ ಮಾತ್ರ ಏನೋ ಒಂದು ಕಳೆದುಕೊಂಡ ಹಾಗೆ. ದೇವರ ಮುಂದೆ ಕೂತರೂ ಸಮಾಧಾನ ಇಲ್ಲ. ಪಾಪ ಲೆಕ್ಕ ಹಾಕುವವನು ಮೇಲೊಬ್ಬ ಇದ್ದಾನೆ, ಅವನ ಮುಂದೆ ಕಬಡ್ಡಿ ಎಂದರೆ ನಡೆಯುತ್ತದೆಯೇ ಎಂದು ಹೆದರಿಕೆ. ತಂಡ ಬಿಡುವುದಕ್ಕೂ ಆಗದು, ಕಣ್ಣಿಗೆ ಒತ್ತಿಕೊಳ್ಳುವುದನ್ನು ಬಿಡುವುದಕ್ಕೂ ಆಗದು. ಈಗಿನ ಮಕ್ಕಳು ಕೇಳಿದರೆ ನಗುತ್ತಾರೆ. ನಾನು ಅತ್ತಿದ್ದೆ.

ಒಂದು ಸಂಜೆ ಅಜ್ಜಿ ಜಗುಲಿಯಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಹೋಗುವ ಗಡಿಬಿಡಿಯಲ್ಲಿ ನನ್ನ ಕಾಲು ಅವಳ ಕಾಲಿಗೆ ತಾಗಿತು. ನನ್ನ ಎರಡೂ ಕೈಗಳು ಠಕ್ಕನೆ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು.

ಅಜ್ಜಿ ಅಕ್ಕಿ ಬಿಟ್ಟು ನನ್ನನ್ನು ನೋಡಿದಳು.

"ಎಂತ ಆತು ಹುಡ್ಗಿ? ಕೈ ಹಿಂದಕ್ಕೆ ಎಂತಕ್ಕೆ ಹೋತು?"

ಅಲ್ಲೇ ಕೂತು ಅಳುತ್ತಾ ಎಲ್ಲ ಹೇಳಿದೆ. ತಾಲೂಕಿನ ಪಂದ್ಯ, ಪಂಚರ ಪೀಪಿ, ಮಾಸ್ತರ ಮಾತು, ಸಾವಿತ್ರಿಯ ರಿಬ್ಬನ್. ಅಜ್ಜಿ ಬಯ್ಯುತ್ತಾಳೆ, ಇಲ್ಲವೇ ಆಟ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ನಿನ್ನಪ್ಪ ಗದ್ದೆ ಹೂಡೂಕೆ ಇಳಿಯೂವಾಗ ಎಂತ ಮಾಡ್ತಾನೆ, ನೋಡಿದ್ಯಾ?"

"ಭೂಮಿ ಮುಟ್ಟಿ ಕಣ್ಣಿಗೆ ಒತ್ಕತಾನೆ."

"ಎಷ್ಟು ಸಲ?"

"ಇಳಿಯೂವಾಗ ಒಂದ್ಸಲ."

"ಆಮೇಲೆ ಇಡೀ ದಿನ ಅದ್ರ ಮೇಲೇ ತುಳೀತಾನಲೇ. ಹೆಜ್ಜೆ ಹೆಜ್ಜೆಗೂ ಬಗ್ಗಿದ್ರೆ ಗದ್ದೆ ಹೂಡಿ ಆದ ಹಂಗೇ! ಎತ್ತು ಸೈತ ನಗಾಡ್ತಿದ್ವು." ಅಜ್ಜಿ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ನೀನೂ ಹಂಗೇ ಮಾಡು. ಆಟಕ್ಕೆ ಇಳಿಯೂ ಮುಂಚೆ ಒಂದ್ಸಲ ಬಗ್ಗಿ ನೆಲ ಮುಟ್ಟು. ಇವತ್ತು ಯಾರ್ಯಾರಿಗೆ ಕಾಲು ತಾಗ್ತದ್ಯೋ, ಅವ್ರೆಲ್ಲರ ಪಾಲಿಂದೂ ಇದೇ ಅಂತ ಕೇಳ್ಕ. ಆಮೇಲೆ ಹೆದ್ರಬ್ಯಾಡ, ತುಳಿ. ಅಡ್ಡ ಬಂದೋಳ ಮೇಲೆ ಹಾರು."

"ಪಾಪ ಬರೂದಿಲ್ವಾ?"

"ಗದ್ದೆ ಮೆಟ್ಟಿ ಬೆಳ್ದ ಅಕ್ಕಿ ಉಂಡು ಪಾಪ ಬಂತಾ ನಿಂಗೆ? ಆದ್ರೆ ಒಂದು ಕೇಳು. ಮೆಟ್ಟಿದ ಭೂಮಿಗೆ ಭೂಮಿ ಹುಣ್ಣಿಮೆ ದಿನ ಎಡೆ ಇಟ್ಟು ಬರೂದಿಲ್ವಾ ನಾವು? ಹಂಗೆ, ಆಟ ಮುಗ್ದ ಮೇಲೆ ಒಬ್ಬೊಬ್ಬಳ ಹತ್ರಾನೂ ಹೋಗಿ ಮುಟ್ಟಿ ಕಣ್ಣಿಗೆ ಒತ್ಕಂಡು ಬಾ. ಗೆದ್ರೂ ಸೈ, ಸೋತ್ರೂ ಸೈ. ಅದು ತಪ್ಪಿದ್ರೆ ಮಾತ್ರ ಪಾಪ."

ಇಷ್ಟೇ. ಮತ್ತೆ ಅಕ್ಕಿ ಆರಿಸಲು ಕೂತಳು. ಎದೆಯ ಮೇಲಿನ ಕಲ್ಲನ್ನೂ ಅವಳೇ ಹೆಕ್ಕಿ ಎಸೆದ ಹಾಗಾಯಿತು ನನಗೆ.

ಯಲ್ಲಾಪುರದಲ್ಲಿ ಬಸ್ಸು ಇಳಿದು ಮೈದಾನಕ್ಕೆ ಹೋದರೆ, ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ಹುಡುಗಿಯರ ಗುಂಪೊಂದು ನಮ್ಮನ್ನು ಕಂಡು ಕೈ ಜೋಡಿಸಿ ನಿಂತಿತು. "ನಮಸ್ಕಾರ್ರೀ! ಸಿದ್ದಾಪುರದವ್ರು ಬಂದ್ರು, ನಮಸ್ಕಾರ!" ಅವರ ಪೈಕಿ ಎತ್ತರದವಳು ನಂದೊಳ್ಳಿಯ ಕಮಲಾ, ಯಲ್ಲಾಪುರ ತಂಡದ ನಾಯಕಿ. ತಾಲೂಕಿನಲ್ಲಿ ನಮ್ಮ ಕೈಯಲ್ಲಿ ಸೋತ ತಂಡದಲ್ಲಿ ಅವಳ ಚಿಕ್ಕಮ್ಮನ ಮಗಳು ಇದ್ದಳಂತೆ. ನನ್ನ ಕೀರ್ತಿ ನನಗಿಂತ ಮುಂಚೆ ಯಲ್ಲಾಪುರ ಮುಟ್ಟಿತ್ತು.

"ಯಾರೇ ಅದು, ನಮಸ್ಕಾರದೋಳು? ಇವಳಾ? ನೋಡೂಕೆ ಪಾಪ ಕಾಣ್ತಾಳೆ" ಎಂದಳು ಕಮಲಾ. ಸಾವಿತ್ರಿ ತೋಳು ಮಡಿಸಿ ಜಗಳಕ್ಕೇ ಹೊರಟಿದ್ದಳು. ಮಾಸ್ತರು ತಡೆದರು.

ಮೊದಲ ಆಟಕ್ಕೆ ಇಳಿಯುವಾಗ ನಾನು ಗೆರೆಯ ಹತ್ತಿರ ನಿಂತು, ಬಗ್ಗಿ, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮಾಸ್ತರ ಮುಖ ಬಿಳಿಚಿತು.

"ಮತ್ತ ಚಾಲೂ ಆತಲ್ಲಪಾ ಇಕೀದು!"

"ಇಲ್ಲ ಸರ್, ಇದು ಇಡೀ ದಿನದ್ದು. ಇನ್ನು ಮಾಡೂದಿಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೆ ನನ್ನ ಮುಖದಲ್ಲಿ ಏನು ಕಂಡಿತೋ, ಹೊರಗೆ ಕೂರಿಸಲಿಲ್ಲ.

ಆ ದಿನ ನಾನು ಆಡಿದ ಹಾಗೆ ಮತ್ತೆಂದೂ ಆಡಲಿಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮಾಡಿದ ಸಾರನ್ನು ಚೆನ್ನಾಗಿದೆ ಎನ್ನಲು ಊಟಕ್ಕೆ ಕೂತವರನ್ನು ಕಾಯುವವಳು ನಾನು. ಇದೊಂದನ್ನು ಮಾತ್ರ ನಾನೇ ಹೇಳಿಕೊಳ್ಳುತ್ತೇನೆ. ಕೈ ಹಗುರ, ಕಾಲು ಹಗುರ. ಎಲ್ಲರ ಹತ್ತಿರ ಮೊದಲೇ ಕೇಳಿಕೊಂಡು ಬಂದವಳಿಗೆ ಇನ್ನು ಯಾರ ಹೆದರಿಕೆ? ಮೊದಲ ಎರಡು ಆಟ ಗೆದ್ದೆವು. ಕೊನೆಯದು ಯಲ್ಲಾಪುರದ ಜೊತೆ. ಸುತ್ತಲೂ ಅವರ ಊರಿನ ಜನ, ಅವರದೇ ಕೂಗು.

ಅವರು ಚೆನ್ನಾಗಿ ಆಡುತ್ತಿದ್ದರು, ಇಲ್ಲವೆನ್ನಬಾರದು. ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ನಾವು ಎರಡು ಪಾಯಿಂಟು ಹಿಂದೆ. ಸಾವಿತ್ರಿ ಔಟಾಗಿ ಹೊರಗೆ ನಿಂತು ಉಗುರು ಕಚ್ಚುತ್ತಿದ್ದಳು. ಎದುರಿನ ಅಂಕಣದಲ್ಲಿ ನಾಲ್ಕು ಜನ. ದಾಳಿ ನನ್ನದು.

"ಕಬಡ್ಡಿ ಕಬಡ್ಡಿ" ಎನ್ನುತ್ತಾ ಹೋದೆ. ಅವರು ಅರ್ಧಚಂದ್ರದ ಹಾಗೆ ಸುತ್ತುವರಿದರು. ಮೂಲೆಯಲ್ಲಿದ್ದ ಕಮಲಾ ನಗುತ್ತಾ, ಬೇಕೆಂದೇ, ತನ್ನ ಎಡಗಾಲನ್ನು ಚಾಚಿ ನನ್ನ ಪಾದದ ಮೇಲೆ ಇಟ್ಟಳು. ಹೂವು ಇಟ್ಟ ಹಾಗೆ ಮೆತ್ತಗೆ. ನನ್ನನ್ನು ತಾಗಿದವಳು, ನಾನು ಗೆರೆ ಮುಟ್ಟಿದರೆ ಔಟು. ಅದು ಅವಳಿಗೂ ಗೊತ್ತು. ಆದರೆ ನಾನು ಗೆರೆ ಮುಟ್ಟುವುದಿಲ್ಲ, ಬಗ್ಗುತ್ತೇನೆ, ಬಗ್ಗಿದವಳ ಬೆನ್ನ ಮೇಲೆ ಎಲ್ಲರೂ ಬೀಳಬಹುದು ಎಂಬುದು ಅವರ ಲೆಕ್ಕ.

ನಿಜ ಹೇಳಬೇಕೆಂದರೆ ನನ್ನ ಕೈ ಹೊರಟಿತು. ಎಷ್ಟು ರಿಬ್ಬನ್ ಕಟ್ಟಿದರೇನು, ಹದಿನಾಲ್ಕು ವರ್ಷದ ಕೈ ಅದು. ಅರ್ಧ ಇಳಿಯಿತು. ಅದನ್ನು ಕಂಡು ಅವರಲ್ಲಿ ಇಬ್ಬರು "ಹಿಡಿಯೇ" ಎಂದು ಮುಂದೆ ನುಗ್ಗಿದರು, ನನ್ನ ಬೆನ್ನು ಎಲ್ಲಿ ಬರಬೇಕೋ ಅಲ್ಲಿಗೆ ಕೈ ಚಾಚಿಕೊಂಡು. ಅಷ್ಟರಲ್ಲಿ ನನಗೆ ಅಜ್ಜಿ ಅಕ್ಕಿಯಲ್ಲಿ ಕಲ್ಲು ಹೆಕ್ಕಿ ಎಸೆದದ್ದು ಕಂಡಿತು. ಇವಳ ಪಾಲಿನದು ಬೆಳಿಗ್ಗೆಯೇ ಆಗಿದೆಯಲ್ಲ! ಬೆನ್ನು ಬಗ್ಗಲಿಲ್ಲ. ಕೆಳಗೆ ಇಳಿಯುತ್ತಿದ್ದ ಕೈ, ನುಗ್ಗಿ ಬಂದ ಒಬ್ಬಳ ಹೆಗಲಿಗೆ ಬಡಿಯಿತು. ಇನ್ನೊಬ್ಬಳ ಬೆರಳು ನನ್ನ ಅಂಗಿಗೆ ಸಿಕ್ಕಿ ಅಂಗಿ ಪರ್ರೆಂದು ಹರಿಯಿತು. ನಾನು ತಿರುಗಿ ಹಾರಿ, ಮರದ ಹೊಟ್ಟಿನಲ್ಲಿ ಮುಖ ಹುಗಿದುಕೊಂಡು ಬಿದ್ದೆ. ಬಾಯಿಯಲ್ಲಿ ಇನ್ನೂ ಕಬಡ್ಡಿ. ಕಣ್ಣು ಬಿಟ್ಟು ನೋಡಿದರೆ ನನ್ನ ಬೆರಳು ಗೆರೆಯ ಈಚೆಗೆ ಇತ್ತು.

ಪಂಚರು ಮೂರು ಬೆರಳು ಎತ್ತಿದರು. ಮೂವರು ಔಟು. ಆಮೇಲೆ ಸಾವಿತ್ರಿಯ ಕಿರುಚಾಟ. ಅವಳು ಹೊರಗಿನಿಂದ ಒಳಗೆ ಓಡಿಬಂದು ನನ್ನನ್ನು ಎತ್ತಿದಳು. ಉಳಿದ ಒಬ್ಬಳು ಪಾಪ ಎಷ್ಟು ಹೊತ್ತು ತಡೆಯುತ್ತಾಳೆ? ನಾವು ಗೆದ್ದೆವು. ಯಲ್ಲಾಪುರದ ಜನವೇ ಚಪ್ಪಾಳೆ ಹೊಡೆದರು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ತಂಡದವರು ಕುಣಿಯುತ್ತಿದ್ದಾಗ ನಾನು ಮೆಲ್ಲಗೆ ಆಚೆ ಹೋದೆ. ಯಲ್ಲಾಪುರದ ಹುಡುಗಿಯರ ಹತ್ತಿರ ಒಬ್ಬೊಬ್ಬಳಾಗಿ ಹೋಗಿ, ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕೊನೆಗೆ ಕಮಲಾ. ಅವಳು ನೆಲದ ಮೇಲೆ ಕೂತು ಅಳುತ್ತಿದ್ದಳು. ಕಣ್ಣೀರಿಗೆ ಮರದ ಹೊಟ್ಟು ಅಂಟಿ ಗಡ್ಡ ಬಂದ ಹಾಗೆ ಕಾಣುತ್ತಿತ್ತು. ನಾನು ಬಗ್ಗಿ ಅವಳನ್ನು ಮುಟ್ಟಿದ್ದೇ ತಡ, ಸಿಡಿದಳು.

"ಈಗ ಮಾಡ್ತ್ಯಾ? ಆಗ ಮಾಡೂಕೆ ಎಂತ ಆಗಿತ್ತೇ ನಿಂಗೆ?"

"ಆಗ ಆಟ ಇತ್ತಲೇ ಮಾರಾಯ್ತಿ. ಈಗ ಮುಗೀತು."

ಅವಳು ನನ್ನನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಸಿಟ್ಟು ಎಲ್ಲಿ ಹೋಗಬೇಕು ಎಂದು ತಿಳಿಯದೆ ಮುಖದಲ್ಲೇ ಓಡಾಡುತ್ತಿತ್ತು. ಆಮೇಲೆ ಮೂಗು ಒರೆಸಿಕೊಂಡು, "ಕಾಲು ಇಟ್ಟೋಳು ನಾನಲ್ದನೇ?" ಎಂದು, ತಾನೂ ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇಬ್ಬರಿಗೂ ನಗು ಬಂತು. ಹರಿದ ಅಂಗಿಗೆ ಪಿನ್ನು ಕೊಟ್ಟವಳೂ ಅವಳೇ.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಇದ್ದಳು. ಗೆದ್ದ ಢಾಲು ಶಾಲೆಯಲ್ಲಿ ಉಳಿದಿತ್ತು. ನನ್ನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

"ಎಲ್ಲರಿಗೂ ಮಾಡಿದ್ಯಾ?" ಎಂಬುದೇ ಅವಳ ಮೊದಲ ಪ್ರಶ್ನೆ.

"ಮಾಡ್ದೆ."

"ಆ ಪೀಪಿ ಊದೂವನಿಗೆ?"

"ಅವ್ರಿಗೆ ಕಾಲು ತಾಗಿಲ್ಲ ಅಜ್ಜೀ."

"ಆದ್ರೂ ಮಾಡ್ಬೇಕಿತ್ತು. ಪಾಪ, ಬಿಸಿಲಲ್ಲಿ ನಿಂತಿದ್ದ." ಆಮೇಲೆ ಏನೋ ಮರೆತಿದ್ದವಳ ಹಾಗೆ, "ಹೌದು, ಗೆದ್ದದ್ದು ಯಾರು?"

ನಾವು ಎಂದೆ. ಅಜ್ಜಿ ತಲೆಯಾಡಿಸಿ ಒಳಗೆ ಹೋದಳು. ಅಷ್ಟೇನಾ ಎಂದು ನಾನು ಸಪ್ಪಗಾದೆ. ಮರುದಿನ ನೋಡಿದರೆ ಕೋಲಸಿರ್ಸಿಯ ಮನೆಮನೆಗೂ ಸುದ್ದಿ ಮುಟ್ಟಿದೆ. ಹಾಲು ಕೊಡುವ ನೆಪದಲ್ಲಿ ಅಜ್ಜಿ ಪ್ರತಿ ಬಾಗಿಲಲ್ಲೂ ನಿಂತು, ಮೂರು ಜನರನ್ನು ಎಂಟು ಜನ ಮಾಡಿ ಹೇಳಿದ್ದಳು. ಕಬಡ್ಡಿಯಲ್ಲಿ ಒಂದು ಕಡೆ ಏಳೇ ಜನ ಎಂದು ಅವಳಿಗೆ ನಾನು ಯಾವತ್ತೂ ಹೇಳಲಿಲ್ಲ.

ಮುಂದಿನ ಹಂತಕ್ಕೆ ಧಾರವಾಡಕ್ಕೆ ಹೋದೆವು. ಅದನ್ನು ಉದ್ದ ಮಾಡುವುದಿಲ್ಲ. ಆ ಕಡೆಯ ಹುಡುಗಿಯರು ನನ್ನನ್ನು ಮೂಟೆಯ ಹಾಗೆ ಎತ್ತಿ ಇಟ್ಟು, "ಏಳವಾ ತಂಗಿ, ನೋವಾತೇನು?" ಎಂದು ತಾವೇ ಮೈ ಜಾಡಿಸಿ ಕಳಿಸಿದರು. ಮೊದಲ ಆಟದಲ್ಲೇ ಸೋತು ಪೇಡೆ ತಿಂದು ಬಂದೆವು. ಸೋತವರ ಬಾಯಿಗೂ ಪೇಡೆ ಅಷ್ಟೇ ಸಿಹಿ ಎಂಬುದು ನನಗೆ ಅಲ್ಲಿ ಗೊತ್ತಾಯಿತು.

ಅಲ್ಲಿಗೆ ನನ್ನ ಆಟ ಮುಗಿಯಿತು. ಎಸ್ಸೆಸ್ಸೆಲ್ಸಿ, ಆಮೇಲೆ ಮದುವೆ, ಶಿರಸಿ, ಮಕ್ಕಳು. ಆದರೆ ಅಜ್ಜಿ ಹೇಳಿಕೊಟ್ಟದ್ದು ನನ್ನ ಜೊತೆ ಬಂತು. ನಮ್ಮ ಅತ್ತೆ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ನಾನೇ. ಮಂಚದ ಮೇಲೆ ಮೊಣಕಾಲೂರಿ, ಒಂದು ಕಾಲು ಅವರ ಆಚೆಗೆ ಇಟ್ಟು, ಸೊಂಟಕ್ಕೆ ಕೈಹಾಕಿ ಎತ್ತಬೇಕು. ಕಬಡ್ಡಿಯಲ್ಲಿ ಕಲಿತ ಹಿಡಿತವೇ ಅದು, ಬೀಳಿಸುವುದರ ಬದಲು ಎತ್ತುವುದು ಅಷ್ಟೇ. ಅತ್ತೆಯನ್ನು ದಾಟಿ ಕಾಲಿಡುವುದು, ಅವರ ಮೈಗೆ ಕಾಲು ತಾಗುವುದು, ಬೇರೆ ಯಾರಾದರೂ ಆಗಿದ್ದರೆ ಹಿಂದೆ ಮುಂದೆ ನೋಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಅವರ ಪಾದ ಮುಟ್ಟಿ ಒಮ್ಮೆ ಕಣ್ಣಿಗೆ ಒತ್ತಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದೆ.

"ದಿನಾ ಎಂತಕ್ಕೇ ಇದು? ಇವತ್ತು ಎಂತ ಹಬ್ಬ?" ಎಂದು ಕೇಳುತ್ತಿದ್ದರು.

"ಇವತ್ತಿಡೀ ನಿಮ್ಮನ್ನ ಎತ್ತಿ ಒಗೀಬೇಕಲ್ಲ ಅತ್ತೆ, ಅದಕ್ಕೆ ಮೊದ್ಲೇ ಕೇಳ್ಕಂಡೆ" ಎನ್ನುತ್ತಿದ್ದೆ. ನಗುವುದಕ್ಕೂ ಶಕ್ತಿ ಇರದಿದ್ದ ದಿನಗಳಲ್ಲೂ ಅವರು ಅದಕ್ಕೊಂದು ನಗು ನಗುತ್ತಿದ್ದರು. ಅವರಿಗೆ ಬೆನ್ನು ಹುಣ್ಣಾಗದ ಹಾಗೆ ನೋಡಿಕೊಂಡೆ. ಡಾಕ್ಟರು ಅದನ್ನು ಎಲ್ಲರ ಮುಂದೆ ಹೇಳಿದಾಗ ನನಗೆ ಯಲ್ಲಾಪುರದ ಚಪ್ಪಾಳೆ ಕೇಳಿದ ಹಾಗಾಯಿತು. ಕೊಟ್ಟ ಭಗವಂತನಿಗೆ ಅವತ್ತೂ ಕೈ ಮುಗಿದೆ.

ಮೊನ್ನೆ ತವರಿನ ನಾಮಕರಣ ಮುಗಿಸಿ ಶಿರಸಿಗೆ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ, ಕೇರಿಯ ಹೆಂಗಸರ ಸಂಘದ ಸುಜಾತಾಳ ಫೋನು. ನವರಾತ್ರಿಗೆ ನಮ್ಮ ಕೇರಿಯಲ್ಲಿ ಹೆಂಗಸರಿಗೆ ಆಟ ಇಡುತ್ತಾರೆ.

"ಅಕ್ಕಾ, ಲಿಂಬೆಹಣ್ಣು-ಚಮಚಕ್ಕೆ ಹೆಸರು ಬರೀಲಾ? ಇಲ್ಲಾ ಪ್ರತಿ ವರ್ಷದ ಹಂಗೆ ಪ್ರಸಾದ ಹಂಚೂದಾ?"

"ಎರಡೂ ಬ್ಯಾಡ. ಈ ಸಲ ಕಬಡ್ಡಿ ಇಡು" ಎಂದೆ.

"ಅಕ್ಕಾ, ಏಳು ಜನ ಸಿಗ್ಬೇಕಲ್ಲ!"

"ನೀನೊಬ್ಳು, ನಾನೊಬ್ಳು. ಉಳಿದೋರನ್ನ ಹುಡ್ಕೂದು ನಿನ್ನ ಕೆಲ್ಸ. ನೆಲಕ್ಕೆ ಮರದ ಹೊಟ್ಟು ತರ್ಸೂದು ನನ್ನ ಕೆಲ್ಸ."

ಫೋನು ಇಟ್ಟು ತಿರುಗಿದರೆ ಯಜಮಾನರು ಪೇಪರು ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು.

"ಕಬಡ್ಡಿಯಾ? ನಿನ್ನ ಮೊಣಕಾಲನ್ನ ಕೇಳಿದ್ಯಾ ಮಾರಾಯ್ತಿ?"

"ಅದಕ್ಕೂ ಮುಟ್ಟಿ ಕೇಳ್ಕಂಡ್ರಾತು. ಆಮೇಲೆ ಅದು ಮಾತಾಡೂ ಹಂಗಿಲ್ಲ."

ಅವರು ನಗುತ್ತಾರೆ, ಚೇಷ್ಟೆ ಮಾಡುತ್ತಾರೆ ಎಂದುಕೊಂಡೆ. ಪೇಪರು ಮಡಿಸಿಟ್ಟು, ಕನ್ನಡಕ ತೆಗೆದು, ಅಂಗಳಕ್ಕೆ ಇಳಿದರು. ಚಪ್ಪಲಿ ಬದಿಗೆ ಬಿಟ್ಟು, ಗೋಡೆಯಿಂದ ಗೇಟಿನವರೆಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆಯತೊಡಗಿದರು. ಅರ್ಧ ದಾರಿಯಲ್ಲಿ ನಿಂತು ಕೇಳಿದರು:

"ನಡು ಗೆರೆ ಇಲ್ಲಿಗೆ ಬಂದ್ರೆ ಸರಿಯಾ? ಆಡಿದೋಳು ನೀನು, ಬಂದು ಹೇಳು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದೆ.